ಹರಿಹರದ ಹುಡುಗರ ರಾಕ್ ಬ್ಯಾಂಡೂ, ನಾವು ಕಳಿಸಿಬಿಟ್ಟ ಹಾಡುಗಾರನೂ

ಈ ಸಂಚಿಕೆಗೆ ನನ್ನನ್ನ ಕರೆದಾಗ ‘ಕನ್ನಡ ರಾಕ್ ಬ್ಯಾಂಡ್‌ಗಳು ಹೇಗೆ ಹುಟ್ಟಿದವು, ಅದರ ಬಗ್ಗೆ ಮಾತಾಡ್ರಿ’ ಅಂದಿದ್ರು. ನಾನೇನು ಸಂಗೀತ ವಿಮರ್ಶಕ ಅಲ್ಲ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡಿರೋನು. ಆದ್ರೆ 2002ರಿಂದ 2006ರವರೆಗೆ ದಾವಣಗೆರೆಯಲ್ಲಿ ಒಂದು ಬ್ಯಾಂಡ್ ಕಟ್ಟಿ, ನಡೆಸಿ, ಮುಚ್ಚಿದ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಅದರ ಹೆಸರು ಹೇಳಲ್ಲ, ಹೇಳಿದ್ರೂ ನಿಮಗೆ ಗೊತ್ತಿರಲ್ಲ. ಅದೇ ಹೊತ್ತಲ್ಲಿ ಮೈಸೂರು, ಬೆಂಗಳೂರಲ್ಲಿ ಶುರುವಾದ ಕೆಲವು ಬ್ಯಾಂಡ್‌ಗಳ ಹೆಸರು ನಿಮಗೆಲ್ಲ ಗೊತ್ತು. ಆ ಎರಡನ್ನೂ ಜೊತೆಗಿಟ್ಟು ಹೇಳೋಣ ಅಂತ ಬಂದಿದೀನಿ.

ನಮ್ಮ ಮನೆ ಹರಿಹರ. ಪಿಯುಸಿಯಲ್ಲಿ ಇದ್ದಾಗ ಅಪ್ಪ ಕೆಲಸ ಮಾಡ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಮನೇಲಿ ಆಗ ಯಾರೂ ಜೋರಾಗಿ ಮಾತಾಡ್ತಿರಲಿಲ್ಲ. ಅಂಥ ಹೊತ್ತಲ್ಲಿ ಅವ್ವ ತನ್ನ ಚೀಟಿ ದುಡ್ಡಲ್ಲಿ ಎರಡು ಸಾವಿರ ತೆಗೆದುಕೊಟ್ಟು, ‘ಅಪ್ಪಗೆ ಹೇಳಬ್ಯಾಡ, ದೋಸ್ತಂದು ಅನ್ನು’ ಅಂದಳು. ಅದರಲ್ಲಿ ಬಂತು ನನ್ನ ಮೊದಲ ಗಿಟಾರ್. ತಂತಿಗಳು ಹಲಗೆಯಿಂದ ಎಷ್ಟು ಎತ್ತರ ಇದ್ದವು ಅಂದ್ರೆ, ಒಂದು ಕಾರ್ಡ್ ಒತ್ತಿ ಹಿಡಿಯೋದರಲ್ಲಿ ಬೆರಳ ತುದಿ ನೀಲಿ ಆಗೋದು. ಅಪ್ಪಗೆ ಮೊದಲ ದಿನವೇ ಗೊತ್ತಾಗಿತ್ತು ಅಂತ ನನಗೆ ಗೊತ್ತಾಗಿದ್ದು ಹತ್ತು ವರ್ಷ ಆದಮೇಲೆ.

ಇಂಜಿನಿಯರಿಂಗ್ ಸೇರಿದ್ದು ದಾವಣಗೆರೆಯಲ್ಲಿ. ಹರಿಹರದಿಂದ ಹದಿನಾಲ್ಕು ಕಿಲೋಮೀಟರ್, ದಿನಾ ರೈಲಲ್ಲೋ ಬಸ್ಸಲ್ಲೋ ಓಡಾಟ. ಬ್ಯಾಂಡ್ ಹುಟ್ಟಿದ್ದು ಆ ಓಡಾಟದಲ್ಲೇ. ಕೀಬೋರ್ಡ್ ನುಡಿಸೋನು ಹರಿಹರದ ಒಂದು ಆರ್ಕೆಸ್ಟ್ರಾದಲ್ಲಿ ಆಗಲೇ ಸಂಭಾವನೆ ತಗೊಳ್ತಿದ್ದ. ಪ್ಯಾಡ್ ಹೊಡೆಯೋ ಹುಡುಗನ ಮನೆಯವರದ್ದು ದಾವಣಗೆರೆಯಲ್ಲಿ ಮಂಡಕ್ಕಿ ಬಟ್ಟಿ. ಹಂಗಾಗಿ ಅವನ ಹೆಸರೇ ‘ಬಟ್ಟಿ’ ಆಗಿಹೋಗಿತ್ತು. ಬಟ್ಟಿಯ ಹಿಂದಿನ ಗೋಡೌನು ನಮ್ಮ ಪ್ರಾಕ್ಟೀಸ್ ಜಾಗ. ಮಂಡಕ್ಕಿ ಚೀಲಗಳ ಮಧ್ಯೆ ಕೂತರೆ ಸದ್ದು ಆಚೆ ಹೋಗ್ತಿರಲಿಲ್ಲ. ದೊಡ್ಡ ಸ್ಟುಡಿಯೋಗಳಲ್ಲಿ ಗೋಡೆಗೆ ಫೋಮ್ ಬಡೀತಾರಲ್ಲ, ನಮಗೆ ಆ ಕೆಲಸ ಮಂಡಕ್ಕಿ ಮಾಡ್ತಿತ್ತು. ಧಗೆ ಮಾತ್ರ ವಿಪರೀತ, ಹೆಜ್ಜೆ ಹೆಜ್ಜೆಗೆ ಗಿಟಾರಿನ ಶ್ರುತಿ ಇಳಿಯೋದು.

ಇನ್ನು ಹಾಡುಗಾರ. ಅವನು ಇಂಜಿನಿಯರಿಂಗ್ ಹುಡುಗ ಅಲ್ಲ. ಹರಿಹರದ ಹತ್ತಿರದ ಹಳ್ಳಿಯವನು, ದಾವಣಗೆರೆಯ ಒಂದು ಬಟ್ಟೆ ಅಂಗಡೀಲಿ ಕೆಲಸ. ನಮಗಿಂತ ಮೂರು ನಾಲ್ಕು ವರ್ಷ ದೊಡ್ಡವನು. ರೈಲಲ್ಲಿ ಬಾಗಿಲ ಹತ್ತಿರ ನಿಂತು ಭಜನೆ ಪದ ಹಾಡ್ತಿದ್ದ, ಇಡೀ ಬೋಗಿ ಸುಮ್ಮನಾಗೋದು. ಅವನ ಅಪ್ಪ ಊರಿನ ಭಜನಾ ಮೇಳದಲ್ಲಿ ದಮ್ಮಡಿ ಹಿಡಿಯೋರು. ‘ಅಣ್ಣ, ನಮ್ಮ ಬ್ಯಾಂಡಿಗೆ ಬರ್ತೀಯಾ’ ಅಂತ ಕೇಳಿದ್ವಿ. ‘ಬ್ಯಾಂಡು ಅಂದ್ರ ಮದುವಿ ಮುಂದ ಊದ್ತಾರಲ್ಲ, ಅದಾ?’ ಅಂದ. ನಾವು ಬಹಳ ನಕ್ಕಿದ್ವಿ.

ಆಗ ನಮ್ಮ ತಲೇಲಿ ರಾಕ್ ಅಂದ್ರೆ ಇಂಗ್ಲಿಷು, ಬೇರೆ ಮಾತೇ ಇಲ್ಲ. ಅದಕ್ಕೆ ಕಾರಣವೂ ಇತ್ತು. ಬೆಂಗಳೂರಲ್ಲಿ ಎಪ್ಪತ್ತರ ದಶಕದಲ್ಲೇ ಹ್ಯೂಮನ್ ಬಾಂಡೇಜ್ ಅಂಥ ತಂಡಗಳಿದ್ದವು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಸ್ವಂತ ಹಾಡು ಬರೆದು ಹೆಸರು ಮಾಡಿತ್ತು, ಅವೂ ಇಂಗ್ಲಿಷಲ್ಲೇ. ಕಾಲೇಜು ಫೆಸ್ಟ್‌ಗಳ ರಾಕ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕೇಳ್ತಿದ್ದದ್ದೂ ಅದನ್ನೇ. ದಾವಣಗೆರೆಗೆ ಇದೆಲ್ಲ ಕ್ಯಾಸೆಟ್ಟಿನ ಮೇಲಿನ ಫೋಟೋ ಆಗಿ, ಯಾರೋ ಬರೆದುಕೊಟ್ಟ ಸಿಡಿ ಆಗಿ ತಲುಪ್ತಿತ್ತು. ದೂರದಲ್ಲಿ ಇದ್ದಷ್ಟೂ ನಿಷ್ಠೆ ಜಾಸ್ತಿ ನೋಡ್ರಿ. ಬೆಂಗಳೂರಿನ ಹುಡುಗರಿಗಿಂತ ನಾವೇ ಹೆಚ್ಚು ಇಂಗ್ಲಿಷ್ ರಾಕ್‌ನವರು ಆಗಿದ್ವಿ.

ಹಾಗಂತ ದಾವಣಗೆರೆಯಲ್ಲಿ ಸಂಗೀತ ಇರಲಿಲ್ಲ ಅಂತಲ್ಲ. ಚಿಂದೋಡಿ ಲೀಲಾ ಅವರ ಊರು ಇದು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕದಲ್ಲಿ ಮುಂದುಗಡೆ ಗುಂಡಿಯಲ್ಲಿ ಹಾರ್ಮೋನಿಯಂ, ತಬಲ ಇಟ್ಕೊಂಡು ಕೂತವರು ರಾತ್ರಿಯಿಡೀ ನುಡಿಸ್ತಿದ್ರು. ಆ ನಂತರದ ತಲೆಮಾರಿಗೆ ಆರ್ಕೆಸ್ಟ್ರಾ. ಇಳಯರಾಜಾ ಸಂಗೀತದ ‘ಗೀತಾ’ 1981ರಲ್ಲಿ ಬಂತು, ಶಂಕರ್‌ನಾಗ್ ನಿರ್ದೇಶನ ಮಾಡಿ ಅವರೇ ಗಾಯಕನ ಪಾತ್ರ ಮಾಡಿದ್ದು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’. ಇವೆರಡು ಸಿನಿಮಾ ಬಂದಮೇಲೆ ಗಿಟಾರು, ಡ್ರಮ್ಮು ಇಲ್ಲದ ಆರ್ಕೆಸ್ಟ್ರಾವನ್ನ ಯಾರೂ ಒಪ್ಪುತ್ತಿರಲಿಲ್ಲ ಅಂತ ನಮ್ಮ ಕೀಬೋರ್ಡ್‌ನವನ ಗುರುಗಳು ಹೇಳೋರು. ಕನ್ನಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೇಳಿ ಜನ ಕುಣಿದು ಆಗಲೇ ಇಪ್ಪತ್ತು ವರ್ಷ ಆಗಿತ್ತು. ಅದು ನಮಗೆ ರಾಕ್ ಅಂತ ಅನ್ನಿಸಲೇ ಇಲ್ಲ. ಅದು ‘ಸಿನಿಮಾ ಹಾಡು’.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ಚಿಕ್ಕ ಊರಲ್ಲಿ ರಾಕ್ ಬ್ಯಾಂಡ್ ಕಟ್ಟೋದು ಕಷ್ಟ ಅನ್ನೋಕೆ ದೊಡ್ಡ ದೊಡ್ಡ ಕಾರಣ ಹುಡುಕಬೇಕಿಲ್ಲ, ಸಾಮಾನು ಸಾಗಿಸೋದು ನೋಡಿದ್ರೆ ಸಾಕು. ಡ್ರಮ್ ಸೆಟ್ ಅಂದ್ರೆ ಒಂದು ಟೆಂಪೋ ಬೇಕು. ಆಕ್ಟೋಪ್ಯಾಡ್ ಒಂದು ಚೀಲದಲ್ಲಿ ಹಿಡಿಯುತ್ತೆ, ಬಸ್ಸಿನ ಸೀಟಿನ ಕೆಳಗೆ ಇಡಬಹುದು. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಅದನ್ನ ತಂದಮೇಲೆ ನಮ್ಮ ಕಡೆ ಆರ್ಕೆಸ್ಟ್ರಾಗಳಿಂದ ಡ್ರಮ್ ಸೆಟ್ ನಿಧಾನಕ್ಕೆ ಮಾಯ ಆಯ್ತು. ಎಂಟು ಪ್ಯಾಡು, ಒಂದೊಂದಕ್ಕೆ ಒಂದೊಂದು ಸದ್ದು. ತಬಲ, ಢೋಲಕ್, ಡ್ರಮ್ಮು ಎಲ್ಲಾ ಅದರಲ್ಲೇ. ಆದ್ರೆ ರಾಕ್‌ನಲ್ಲಿ ಕಾಲಿಂದ ಒದೆಯೋ ಆ ದೊಡ್ಡ ಡ್ರಮ್ಮಿನ ಏಟು ಎದೆಗೆ ಬೀಳಬೇಕಲ್ಲ, ಪ್ಯಾಡಲ್ಲಿ ಅದು ಕಿವಿಗೆ ಮಾತ್ರ ಬೀಳುತ್ತೆ. ಇನ್ನು ಬೇಸ್ ಗಿಟಾರು. ನಮಗೆ ಗೊತ್ತಿದ್ದಂತೆ ಊರಲ್ಲಿ ಒಬ್ಬರೂ ಇರಲಿಲ್ಲ. ಕೀಬೋರ್ಡ್‌ನವನು ಎಡಗೈಯಲ್ಲಿ ಬೇಸ್ ನುಡಿಸಿ ಬಲಗೈಯಲ್ಲಿ ಉಳಿದಿದ್ದು ನೋಡ್ಕೊಳ್ತಿದ್ದ. ಅವನ ಎಡಗೈ ಬಗ್ಗೆ ನನಗೆ ಇವತ್ತಿಗೂ ಗೌರವ.

2004ರ ಗಣೇಶನ ಹಬ್ಬ, ಹರಿಹರ. ನಮ್ಮ ಮೊದಲ ಷೋ. ಆರ್ಕೆಸ್ಟ್ರಾ ಶುರುವಾಗೋ ಮುಂಚೆ ಅರ್ಧ ತಾಸು ಕೊಟ್ಟಿದ್ರು. ಡೀಪ್ ಪರ್ಪಲ್‌ದು ಒಂದು ಹಾಡಿಂದ ಶುರು ಮಾಡಿದ್ವಿ. ನನ್ನ ಹತ್ತಿರ ಡಿಸ್ಟಾರ್ಷನ್ ಪೆಡಲ್ ಇರಲಿಲ್ಲ. ಪೆಂಡಾಲಿನವರ ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ತಿರುಗಿಸಿದ್ರೆ ಅದೇ ಕರಕರ ಅಂತಿತ್ತು, ಅದೇ ನಮ್ಮ ಡಿಸ್ಟಾರ್ಷನ್ನು. ಎರಡನೇ ಹಾಡಿಗೇ ಹಿಂದಿನಿಂದ ಯಾರೋ ‘ಅಣ್ಣಾವ್ರ ಹಾಡು ಹೇಳ್ರಲೇ’ ಅಂತ ಕೂಗಿದ್ರು. ಮೂರನೇ ಹಾಡಿಗೆ ಕರೆಂಟು ಹೋಯ್ತು.

ಅಲ್ಲಿ ಆಗಿದ್ದು ಕೇಳ್ರಿ. ಕತ್ತಲು, ಜನ ಎದ್ದು ಹೋಗೋಕೆ ಶುರು ಮಾಡಿದ್ರು. ನಮ್ಮ ಹಾಡುಗಾರ ಸ್ಟೇಜ್ ಮುಂದಕ್ಕೆ ಬಂದು, ಮೈಕಿಲ್ಲದೆ, ಶಿಶುನಾಳ ಶರೀಫರದ್ದೊಂದು ಪದ ಎತ್ತಿಕೊಂಡ. ಬಟ್ಟಿಗೆ ಕರೆಂಟಿಲ್ಲದೆ ಪ್ಯಾಡಿಲ್ಲ, ಅವನು ಸ್ಟೇಜಿನ ಹಲಗೆ ಮೇಲೇ ಕೈಯಿಂದ ಬಡಿಯೋಕೆ ಶುರು ಮಾಡಿದ. ನಾನು ಒಂದೇ ಕಾರ್ಡ್ ಹಿಡಿದು ಬಾರಿಸ್ತಾ ನಿಂತೆ. ಬೇರೆ ಕಾರ್ಡ್ ಹಾಕೋಕೆ ಜಾಗವೇ ಇರಲಿಲ್ಲ, ಬೇಕಾಗೂ ಇರಲಿಲ್ಲ. ಹೋಗ್ತಿದ್ದವರು ವಾಪಸ್ ಬಂದು ಕೂತರು. ಪಲ್ಲವಿ ಬಂದಾಗೆಲ್ಲ ಹೆಂಗಸರೂ ಸೇರ್ಕೊಂಡು ಹೇಳಿದ್ರು. ಏಳೆಂಟು ನಿಮಿಷ ಆಗಿರಬೇಕು. ಆಮೇಲೆ ಕರೆಂಟು ಬಂತು, ನಾವು ನಮ್ಮ ಇಂಗ್ಲಿಷ್ ಹಾಡಿಗೆ ವಾಪಸ್ ಹೋದ್ವಿ.

ಮಾರನೇ ದಿನ ಗೋಡೌನಲ್ಲಿ ಕೂತು ಎಲ್ಲಿ ತಪ್ಪಾಯ್ತು ಅಂತ ಚರ್ಚೆ. ಕರೆಂಟು, ಆಂಪ್ಲಿಫೈಯರು, ಜನರ ಟೇಸ್ಟು, ಎಲ್ಲಾ ಬೈದ್ವಿ. ಆ ಏಳೆಂಟು ನಿಮಿಷದ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ತತ್ವಪದ ಯಾಕೆ ಅಷ್ಟು ಸಲೀಸಾಗಿ ಕೂತುಕೊಳ್ತು ಅಂತ ನನಗೆ ಅರ್ಥ ಆಗಿದ್ದು ಬಹಳ ತಡವಾಗಿ. ಶರೀಫರು 1819ರಲ್ಲಿ ಹುಟ್ಟಿದವರು. ಹರಿಹರದಿಂದ ಹೆದ್ದಾರಿ ಹಿಡಿದು ರಾಣೆಬೆನ್ನೂರು, ಹಾವೇರಿ ದಾಟಿ ಹೋದ್ರೆ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಅವರ ಊರು. ಮುಸ್ಲಿಂ ಮನೆಯ ಹುಡುಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಆ ಪದಗಳನ್ನ ಹಳ್ಳಿ ಕಡೆ ಏಕತಾರಿ, ದಮ್ಮಡಿ, ತಾಳದ ಜೊತೆ ಹಾಡ್ತಾರೆ. ಏಕತಾರಿ ಅಂದ್ರೆ ಒಂದೇ ಸ್ವರ, ಹಾಡಿನುದ್ದಕ್ಕೂ ಅದೇ ಸ್ವರ. ಪಲ್ಲವಿ ತಿರುತಿರುಗಿ ಬರುತ್ತೆ, ತಿರುಗಿದ ಹಾಗೆ ಲಯ ಏರುತ್ತೆ, ಕೊನೆಗೆ ಎಲ್ಲರೂ ಒಟ್ಟಿಗೆ ಹೇಳ್ತಾರೆ. ಈಗ ಒಂದು ಬೇಸ್ ಗಿಟಾರು ಒಂದೇ ಸ್ವರವನ್ನ ದುಂ ದುಂ ಅಂತ ಹಿಡಿದಿರೋದು, ಅದರ ಮೇಲೆ ಡ್ರಮ್ಮು ಏರ್ತಾ ಹೋಗೋದು, ಕೇಳೋರು ಪಲ್ಲವಿಗೆ ದನಿಗೂಡಿಸೋದು, ಇದನ್ನ ನೆನಪು ಮಾಡ್ಕೊಳ್ರಿ. ಒಂದೇ ಮನೆಯ ಹಿಂಬಾಗಿಲು ಮುಂಬಾಗಿಲು ಇದ್ದ ಹಾಗೆ. ಸಿ. ಅಶ್ವತ್ಥ್ ಅವರು ಈ ಪದಗಳನ್ನ ಸುಗಮ ಸಂಗೀತಕ್ಕೆ ತಂದು, 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾದಿಂದ ಮನೆಮನೆಗೂ ಮುಟ್ಟಿಸಿದ್ರು. ಅವರ ಆ ಗಟ್ಟಿ ದನಿಯಲ್ಲೇ ಒಂದು ರಾಕ್ ಗಾಯಕ ಇದ್ದ ಅಂತ ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ.

ನಾವು ಮಂಡಕ್ಕಿ ಚೀಲಗಳ ಮಧ್ಯೆ ಕೂತು ಇಂಗ್ಲಿಷ್ ಉಚ್ಚಾರಣೆ ತಿದ್ದುತ್ತಿದ್ದ ಆ ಹೊತ್ತಿಗೆ, ಮೈಸೂರಿನ ರಘು ದೀಕ್ಷಿತ್ ಏನು ಮಾಡ್ತಿದ್ರು ನೋಡಿ. ಅವರು ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತಗೊಂಡವರು, ಭರತನಾಟ್ಯ ಕಲಿತವರು. ಕಾಲೇಜಲ್ಲಿ ಯಾರೋ ಸವಾಲು ಹಾಕಿದ್ದಕ್ಕೆ ಗಿಟಾರ್ ಕೈಗೆ ತಗೊಂಡೆ ಅಂತ ಅವರೇ ಹೇಳಿಕೊಂಡಿದ್ದಾರೆ. ಪಿಟೀಲಿನ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ಅಂತ ತಂಡ ಕಟ್ಟಿದ್ರು. ಮಧ್ಯೆ ಕೆಲಸದ ಮೇಲೆ ಬೆಲ್ಜಿಯಂಗೆ ಹೋಗಿ ಬಂದ್ರು. ಅಂತರಾಗ್ನಿ ಒಡೀತು. ಹೌದು, ಅದೂ ಒಡೀತು. ನಮ್ಮದೊಂದೇ ಅಲ್ಲ.

ಒಡೆದ ಮೇಲೆ ಅವರು ಮಾಡಿದ್ದೇ ನನಗೆ ಮುಖ್ಯ ಅನ್ನಿಸೋದು. ‘ರಘು ದೀಕ್ಷಿತ್ ಪ್ರಾಜೆಕ್ಟ್’ ಅಂತ ಹೆಸರಿಟ್ಟರು. ಬ್ಯಾಂಡ್ ಅಲ್ಲ, ಪ್ರಾಜೆಕ್ಟು. ಖಾಯಂ ಸದಸ್ಯರೇ ಬೇಕು ಅಂತಿಲ್ಲ, ನುಡಿಸೋಕೆ ಬರೋರು ಬರಲಿ, ಹೋಗೋರು ಹೋಗಲಿ, ಹಾಡು ಉಳೀಲಿ ಅನ್ನೋ ಲೆಕ್ಕ. ನಾಲ್ಕು ಜನ ಜೀವಮಾನವಿಡೀ ಅಂಟಿಕೊಂಡೇ ಇರಬೇಕು ಅನ್ನೋ ಬ್ಯಾಂಡಿನ ಕಲ್ಪನೆ ಇದೆಯಲ್ಲ, ನಮ್ಮಂಥವರನ್ನ ಕೊಂದಿದ್ದೇ ಅದು. ಒಬ್ಬ ಹೋದ್ರೆ ಮುಗೀತು ಅಂತಿದ್ವಿ. ಆರ್ಕೆಸ್ಟ್ರಾದವರಿಗೆ ಈ ತಿಳಿವಳಿಕೆ ಮೊದಲಿಂದ ಇತ್ತು, ಯಾವ ಊರಲ್ಲಿ ಷೋನೋ ಆ ಊರಿನ ತಬಲದವನು. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬೇಡ ಅಂದಮೇಲೆ, ಮುಂಬೈಯಲ್ಲಿ ಅವರ ಹಾಡು ಕೇಳಿದ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್‌ನಿಂದ 2008ರಲ್ಲಿ ಆಲ್ಬಂ ತಂದ್ರು. ಅದರಲ್ಲಿ ಶರೀಫರ ಪದಗಳಿದ್ದವು.

ರಘು ಅವರ ತಮ್ಮ ವಾಸು ದೀಕ್ಷಿತ್. ಅವರ ‘ಸ್ವರಾತ್ಮ’ ಶುರುವಾಗಿದ್ದು 2002ರಲ್ಲಿ, ಅಂದ್ರೆ ಸರಿಯಾಗಿ ನಮ್ಮ ಬ್ಯಾಂಡಿನ ವಯಸ್ಸು. ಪಿಟೀಲು, ಡ್ರಮ್ಮು, ಬೇಸು, ಜೊತೆಗೆ ನಮ್ಮ ಕಡೆಯ ತಾಳವಾದ್ಯ. ಕನ್ನಡ, ಹಿಂದಿ ಎರಡರಲ್ಲೂ ಹಾಡ್ತಿದ್ರು. 2006ರಲ್ಲಿ ರೇಡಿಯೋ ಸಿಟಿ ನಡೆಸಿದ ಬ್ಯಾಂಡ್ ಸ್ಪರ್ಧೆ ಗೆದ್ದರು, 2009ರಲ್ಲಿ ಮೊದಲ ಆಲ್ಬಂ ಬಂತು. ಅಂದ್ರೆ ಶುರುವಿಂದ ಆಲ್ಬಂಗೆ ಏಳು ವರ್ಷ. ನಾವು ನಾಲ್ಕಕ್ಕೇ ಕೈಬಿಟ್ಟಿದ್ವಿ.

ಈಗ ನಮ್ಮ ಹಾಡುಗಾರನ ವಿಷಯಕ್ಕೆ ಬರ್ತೀನಿ. ಹೇಳೋಕೆ ಕಷ್ಟ, ಆದ್ರೆ ಇದಕ್ಕೇ ಇವತ್ತು ಒಪ್ಪಿಕೊಂಡು ಬಂದಿದ್ದು.

2005ರಲ್ಲಿ ಒಂದು ಕಾಲೇಜು ಸ್ಪರ್ಧೆಗೆ ಹೋಗಿದ್ವಿ. ಕೊನೇ ಸ್ಥಾನ ಬಂತು. ತೀರ್ಪುಗಾರರೊಬ್ಬರು ನಗ್ತಾ, ನಿಮ್ಮ ಗಾಯಕರು ಯಾವ ಭಾಷೇಲಿ ಹಾಡಿದ್ರು ಅಂತ ಕೇಳಿದ್ರು. ಸಭೆ ನಕ್ಕಿತು. ಅವನು ಹಿಂದೆ ನಿಂತಿದ್ದ, ಅವನೂ ನಕ್ಕ. ವಾಪಸ್ ಬರುವಾಗ ಬಸ್ಸಲ್ಲಿ ನಾವು ಮೂವರು ಮಾತಾಡಿಕೊಂಡ್ವಿ. ನಮ್ಮ ಪರಿಚಯದ ಮೆಡಿಕಲ್ ವಿದ್ಯಾರ್ಥಿ ಒಬ್ಬ ಇದ್ದ, ಕಾನ್ವೆಂಟ್ ಇಂಗ್ಲಿಷು, ದನಿ ಸುಮಾರು. ಅವನನ್ನ ತಗೊಳ್ಳೋದು ಅಂತ ಆಯ್ತು. ಇವನಿಗೆ ಹೇಳೋದು ಯಾರು? ನಾನೇ ಹೇಳ್ತೀನಿ ಅಂದೆ.

ಅಂಗಡಿ ಹತ್ತಿರ ಹೋದೆ. ಊಟದ ಬಿಡುವಲ್ಲಿ ಹೊರಗೆ ಬಂದ. ಮಂಡಕ್ಕಿ ಮೆಣಸಿನಕಾಯಿ ತರಿಸಿದ, ದುಡ್ಡು ಅವನೇ ಕೊಟ್ಟ. ‘ಅಣ್ಣ, ನಿನ್ನ ಇಂಗ್ಲಿಷ್ ಸರಿ ಹೋಗ್ತಿಲ್ಲ’ ಅಂದೆ. ಇನ್ನೂ ಏನೇನೋ ಹೇಳಿದೆ, ಸ್ವಲ್ಪ ದಿನ ಬಿಟ್ಟು ಮತ್ತೆ ಕರೀತೀವಿ ಅಂತನೂ ಹೇಳಿದೆ. ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಅವನು ಕೈ ಒರೆಸ್ಕೊಂಡು, ‘ಇರ್ಲಿ ಬಿಡು ತಮ್ಮ. ಆ ಹಾಡಿನ ಅರ್ಥ ಏನಂತ ನನಗ ಒಬ್ಬರೂ ಹೇಳಲೇ ಇಲ್ಲ ನೋಡು’ ಅಂದ. ಒಳಗೆ ಹೋದ.

ನಿಜ. ಮೂರು ವರ್ಷ ಅವನ ಬಾಯಲ್ಲಿ ಇಂಗ್ಲಿಷ್ ಪದ ತುರುಕಿದ್ವಿ, ಕನ್ನಡದಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ವಿ. ಅರ್ಥ ಹೇಳಿರಲಿಲ್ಲ.

ಮೆಡಿಕಲ್ ಹುಡುಗ ಬಂದಮೇಲೆ ಉಚ್ಚಾರಣೆ ಸರಿಹೋಯ್ತು, ಬೇರೇನೂ ಸರಿಹೋಗಲಿಲ್ಲ. 2006ರಲ್ಲಿ ಕೋರ್ಸ್ ಮುಗೀತು, ಬ್ಯಾಂಡೂ ಮುಗೀತು. ಬಟ್ಟಿ ಬಟ್ಟಿ ನೋಡ್ಕೊಂಡ. ನಾನು ಬೆಂಗಳೂರಿಗೆ ಬಂದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಹೋಗಿದ್ದೆ. ಜೀವಮಾನದ ಕನಸು ಅಂತಾರಲ್ಲ, ಹಂಗೆ. ಸಾವಿರಾರು ಜನರ ಮಧ್ಯೆ ಕುಣಿದು ಕಿರುಚಿ ರೂಮಿಗೆ ಬಂದೆ, ಖುಷಿಯಾಗಿದ್ದೆ. ಅದನ್ನ ಅಲ್ಲಗಳೆಯಲ್ಲ, ಇಂಗ್ಲಿಷ್ ರಾಕ್ ನನಗೆ ಇವತ್ತಿಗೂ ಇಷ್ಟ.

2008ರಲ್ಲಿ ‘ಸೈಕೋ’ ಅಂತ ಕನ್ನಡ ಸಿನಿಮಾ ಬಂತು, ರಘು ದೀಕ್ಷಿತ್ ಸಂಗೀತ. ಅದರಲ್ಲಿ ಮಲೆ ಮಹದೇಶ್ವರನ ಮೇಲಿನದ್ದೊಂದು ಹಾಡು. ಆಗ ಮೊಬೈಲ್ ಅಂಗಡೀಲಿ ಹತ್ತು ರೂಪಾಯಿ ಕೊಟ್ಟರೆ ಮೆಮರಿ ಕಾರ್ಡಿಗೆ ಹಾಡು ತುಂಬಿಕೊಡ್ತಿದ್ರು. ಊರಿಗೆ ಹೋಗಿದ್ದೆ, ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಯಾರದೋ ಫೋನಿಂದ ಆ ಹಾಡು ಜೋರಾಗಿ ಬರ್ತಿತ್ತು. ಜನಪದದ ಮಹದೇಶ್ವರ, ಅದರ ಕೆಳಗೆ ಎಲೆಕ್ಟ್ರಿಕ್ ಗಿಟಾರು, ಬೇಸು, ಡ್ರಮ್ಮು. ನಾನು ಹರಿಹರದ ಬಸ್ಸು ಬಿಟ್ಟು ನಿಂತುಕೊಂಡೆ. ನನಗೆ ಕೇಳಿದ್ದು 2004ರ ಆ ಕತ್ತಲು, ಹಲಗೆ ಮೇಲೆ ಬಟ್ಟಿಯ ಕೈ.

ಆಮೇಲೆ ಬೆಂಗಳೂರಲ್ಲಿ ಸ್ವರಾತ್ಮ ಷೋ ನೋಡಿದೆ. ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಕೊಂಡು ಸ್ಟೇಜ್ ತುಂಬ ಕುಣಿದ್ರು. ಪಕ್ಕದಲ್ಲಿದ್ದವರು ಎಂಥಾ ಐಡಿಯಾ ಅಂತ ಮೆಚ್ಚಿಕೊಂಡ್ರು. ಕೀಲುಕುದುರೆ ಜಾತ್ರೆಯಲ್ಲಿ ನಾವು ಚಿಕ್ಕವರಿದ್ದಾಗ ಹಿಂದೆ ಹಿಂದೆ ಓಡಿದ್ದು. ರಘು ಅವರೂ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡ್ತಾರೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ ಹೋಗಿ ಬಂದ್ರು. ಮರುವರ್ಷ ಇಂಗ್ಲೆಂಡಿನ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ಅಲ್ಲಿಯ ಜನಕ್ಕೆ ಕನ್ನಡ ಅರ್ಥ ಆಗಿರಲಿಕ್ಕಿಲ್ಲ. ಯಾರೂ ಅವರ ಉಚ್ಚಾರಣೆ ಕೇಳಲಿಲ್ಲ.

ಇದನ್ನ ಕೇಳಿ, ಅವರು ಗೆದ್ದರು ನೀವು ಸೋತ್ರಿ ಅಂತ ಸರಳ ಮಾಡಬೇಡ್ರಿ. ಮೈಸೂರು, ಬೆಂಗಳೂರಲ್ಲಿ ಬೇಸ್ ನುಡಿಸೋರು ಸಿಗ್ತಾರೆ, ಸ್ಟುಡಿಯೋ ಇದೆ, ಕೇಳೋಕೆ ಕ್ಲಬ್ಬಿದೆ. ನಾವು ಶರೀಫರ ಪದವನ್ನೇ ಹಿಡಿದಿದ್ರೂ ದಾವಣಗೆರೆಯಿಂದ ಎಲ್ಲಿಗೂ ತಲುಪದೆ ಇರಬಹುದಿತ್ತು. ಬ್ಯಾಂಡು ಮುಚ್ಚಿದ್ದಕ್ಕೆ ನನಗೆ ಬೇಜಾರಿಲ್ಲ, ಮುಚ್ಚೋದು ಬ್ಯಾಂಡಿನ ಹಣೆಬರಹ. ಒಬ್ಬ ಮನುಷ್ಯನ ಹಾಡು ಕೇಳಿ ಕರ್ಕೊಂಡು ಬಂದು, ಆ ಹಾಡನ್ನೇ ಬಿಡು ಅಂದ್ವಲ್ಲ, ಬೇಜಾರು ಅದಕ್ಕೆ.

ಅವನನ್ನ ಮತ್ತೆ ನೋಡಿದ್ದು ಹೋದ ವರ್ಷ. ಅಪ್ಪ ತೀರಿಕೊಂಡಾಗ. ರಾತ್ರಿ ಮನೆ ಮುಂದೆ ಭಜನೆಗೆ ಮೇಳದವರು ಬಂದ್ರು, ಮುಂದೆ ದಮ್ಮಡಿ ಹಿಡಿದು ಕೂತಿದ್ದವನು ಅವನೇ. ಕೂದಲು ಬೆಳ್ಳಗಾಗಿತ್ತು. ಬೆಳಗಿನ ಜಾವದವರೆಗೆ ಹಾಡಿದ. ಹೋಗುವಾಗ ನನ್ನ ಭುಜ ಮುಟ್ಟಿ ‘ಗಿಟಾರ್ ಐತೇನು ಇನ್ನಾ’ ಅಂತ ಕೇಳಿದ. ಆ ಹೊತ್ತಲ್ಲಿ ನನಗೆ ಮಾತು ಬರಲಿಲ್ಲ, ತಲೆ ಅಲ್ಲಾಡಿಸಿದೆ.

ಮೂರು ತಿಂಗಳಾದಮೇಲೆ ಗಿಟಾರ್ ತಗೊಂಡು ಅವರ ಊರಿಗೆ ಹೋದೆ. ಬಟ್ಟಿಯೂ ಬಂದಿದ್ದ. ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆ. ಬಸ್ಸಲ್ಲಿ ನಾಲ್ಕು ಸಲ ತಯಾರಿ ಮಾಡ್ಕೊಂಡಿದ್ದ ಮಾತಿತ್ತು, ‘ಅಣ್ಣ, ಅವತ್ತು ನಾನು’ ಅಂತ ಶುರು ಮಾಡಿದೆ. ಅವನು ಹಾರ್ಮೋನಿಯಂ ಮನೆ ಒತ್ತಿ ಹಿಡಿದು, ‘ಮೊದಲು ಶ್ರುತಿ ಮಾಡ್ಕೋ, ನಮ್ಮದು ಕರಿ ಎರಡು’ ಅಂದ. ಕರಿ ಎರಡು ಅಂದ್ರೆ ನಮ್ಮ ಲೆಕ್ಕದಲ್ಲಿ ಡಿ ಶಾರ್ಪ್. ಮೊದಲ ಮನೆಗೆ ಕೇಪೋ ಹಾಕಿ ಡಿ ಹಿಡಿದರೆ ಸಿಗುತ್ತೆ. ಹಾಕಿದೆ. ಎರಡನೇ ತಂತಿ ಚೂರು ಇಳಿದಿತ್ತು, ಅವನು ಕಿವಿಗೊಟ್ಟು ಕೇಳಿ ‘ಇನ್ನೊಂದು ಚೂರು ಏರಿಸು’ ಅಂದ. ಏರಿಸಿದೆ. ‘ಹ್ಞಾಂ, ಬಂತು’ ಅಂದು ಪದ ಎತ್ತಿಕೊಂಡ.